ಎಲೆ, ತೊಗಟೆ, ತುಕ್ಕು ಕಬ್ಬಿಣ: ಗಮ್ಮು ಕೈಗೆ ತಗೊಳ್ಳೋಕೆ ಮುಂಚೆ

ಪ್ರಶ್ನೆ: ಅಡ್ಡಾಡೋವಾಗ ಸಿಗೋ ಎಲೆ, ತೊಗಟೆ, ಬೀಜದ ಕಾಯಿ, ಚಿಪ್ಪು, ತುಕ್ಕು ಹಿಡಿದ ಬೋಲ್ಟು, ಹಳೇ ಕಾಗದ ಇವನ್ನೆಲ್ಲ ಸೇರಿಸಿ ಮಿಕ್ಸೆಡ್ ಮೀಡಿಯಾ ಕೆಲಸ ಮಾಡ್ತೀನಿ. ಪ್ಲೈವುಡ್ಡಿಗೆ ಅಕ್ರಿಲಿಕ್ ಬಣ್ಣ ಹಚ್ಚಿ, ಗ್ಲೂ ಗನ್ನಲ್ಲಿ ಅಂಟಿಸಿ, ಮೇಲೆ ವಾರ್ನಿಶ್ ಹೊಡೀತೀನಿ. ಮಾಡಿದ ದಿನ ಚೆನ್ನಾಗಿರತ್ತೆ. ಕೆಲವು ತಿಂಗಳಾದ್ಮೇಲೆ ತೊಗಟೆ ಸುರುಳಿಯಾಗಿ ಕಳಚ್ಕೊಳ್ಳತ್ತೆ, ಎಲೆ ಬಣ್ಣ ಹೋಗತ್ತೆ, ಒಂದರಲ್ಲಿ ಬೂಷ್ಟು ಬಂತು, ಚಿಪ್ಪಿನ ಮೇಲೆ ಬಿಳಿ ಪುಡಿ ಕಾಣ್ತಿದೆ. ನೋಡಿದವರು "ಏನೇನೆಲ್ಲ ಸೇರಿಸಿದೀರ" ಅಂತಾರೆ, ಚಿತ್ರ ಚೆನ್ನಾಗಿದೆ ಅಂತ ಯಾರೂ ಹೇಳಲ್ಲ. ಯಾವ ಗಮ್ಮು, ಯಾವ ವಾರ್ನಿಶ್ ಬಳಸ್ಬೇಕು?

ಉತ್ತರ: ಗಮ್ಮಿನ ಬಗ್ಗೆನೂ ಹೇಳ್ತೀನಿ, ವಾರ್ನಿಶ್ ಬಗ್ಗೆನೂ ಹೇಳ್ತೀನಿ. ಆದ್ರೆ ಅದಕ್ಕೆ ಮುಂಚೆ ಒಂದು ಮಾತು. ನಿಮ್ಮ ಎರಡು ತೊಂದರೆಗೂ, ಅಂದ್ರೆ ಕಳಚಿ ಬೀಳೋದಕ್ಕೂ ಸಾಮಾನಿನ ರಾಶಿ ಥರ ಕಾಣೋದಕ್ಕೂ, ಬೇರು ಒಂದೇ. ನೀವು ಹಲಗೆನ ಒಂದು ಚಿತ್ರ ಅಂದ್ಕೊಂಡು, ಸಿಕ್ಕಿದ ವಸ್ತುಗಳನ್ನ ಅದರ ಮೇಲಿನ ಅಲಂಕಾರ ಮಾಡ್ತಿದೀರ, ಹಾಗಾಗಿ ವಸ್ತುವಿಗೂ ಹಲಗೆಗೂ ನಡುವೆ ಗಮ್ಮು ಬಿಟ್ಟು ಬೇರೆ ಸಂಬಂಧನೇ ಇಲ್ಲ. ಆ ಸಂಬಂಧ ಹುಟ್ಟೋದು ಜೋಡಿಸೋ ರೀತಿಯಲ್ಲಿ. ಒಂದು ವಸ್ತು ಇನ್ನೊಂದನ್ನ ಹೇಗೆ ಹಿಡ್ಕೊಂಡಿದೆ, ಎಲ್ಲಿ ಒರಗಿದೆ, ಎಲ್ಲಿ ಕಟ್ಟಿದೆ ಅನ್ನೋದನ್ನ ಮೊದ್ಲು ಯೋಚಿಸಿದ್ರೆ ಅದು ನಿಲ್ಲತ್ತೆ ಕೂಡ, ನೋಡೋರಿಗೆ ಒಂದು ಕೆಲಸ ಅಂತ ಕಾಣತ್ತೆ ಕೂಡ.

ಎಲ್ ಅನಾಟ್ಸುಯಿ ಅನ್ನೋ ಶಿಲ್ಪಿ ಇದಾರೆ, ಘಾನಾದಲ್ಲಿ ಹುಟ್ಟಿ ನೈಜೀರಿಯಾದಲ್ಲಿ ಕೆಲಸ ಮಾಡಿದವರು. ಬಿಸಾಕಿದ ಬಾಟಲಿ ಮುಚ್ಚಳಗಳನ್ನ ಚಪ್ಪಟೆ ಮಾಡಿ, ಮಡಚಿ, ತೂತು ಹಾಕಿ, ಸಾವಿರಾರನ್ನ ತಾಮ್ರದ ತಂತಿಯಲ್ಲಿ ಹೊಲಿದು ಗೋಡೆಯಷ್ಟು ದೊಡ್ಡ ಹೊದಿಕೆ ಮಾಡ್ತಾರೆ. ಎಲ್ಲೂ ಗಮ್ಮಿಲ್ಲ. ತಂತಿ ಸಡಿಲ ಇರೋದ್ರಿಂದ ಲೋಹ ಬಟ್ಟೆ ಥರ ಮಡಿಕೆ ಬೀಳತ್ತೆ, ಪ್ರತಿ ಸಲ ತೂಗುಹಾಕಿದಾಗ ಬೇರೆ ಆಕಾರ ಬರತ್ತೆ. ಅಂಟಿಸಿಬಿಟ್ಟಿದ್ರೆ ಅದು ಮುಚ್ಚಳ ಅಂಟಿಸಿದ ಗೋಡೆ ಆಗಿರ್ತಿತ್ತು, ಅಷ್ಟೇ. 1912ರಲ್ಲಿ ಪಿಕಾಸೊ ಬೆತ್ತದ ಕುರ್ಚಿಯ ನೇಯ್ಗೆ ಅಚ್ಚಾಗಿರೋ ಆಯಿಲ್ ಕ್ಲಾತ್ ತುಂಡನ್ನ ಚಿತ್ರಕ್ಕೆ ಸೇರಿಸಿ, ಸುತ್ತ ನಿಜವಾದ ಹಗ್ಗನೇ ಚೌಕಟ್ಟಾಗಿ ಸುತ್ತಿದ್ರು. ಅಲ್ಲಿ ಹಗ್ಗ ಸುಮ್ನೆ ಅಂದಕ್ಕೆ ಇಲ್ಲ, ಅದಕ್ಕೊಂದು ಕೆಲಸ ಕೊಟ್ಟಿದಾರೆ. ನಿಮ್ಮ ಹಲಗೆ ಮೇಲಿರೋ ಪ್ರತಿ ವಸ್ತುವಿಗೂ ಇದೇ ಕೇಳಿ, ಇದಕ್ಕೆ ಇಲ್ಲಿ ಏನು ಕೆಲಸ? ಉತ್ತರ ಬರ್ಲಿಲ್ಲ ಅಂದ್ರೆ ಅದನ್ನ ಡಬ್ಬಿಗೆ ವಾಪಸ್ ಹಾಕಿ, ಇನ್ನೊಂದು ಕೆಲಸಕ್ಕೆ ಬೇಕಾಗತ್ತೆ.

ಈಗ ತೊಗಟೆಗೆ ಬರೋಣ, ಅತಿ ಹೆಚ್ಚು ಗೋಳು ಕೊಡೋದು ಅದೇ. ತೊಗಟೆ ಆಗ್ಲಿ ಮರದ ತುಂಡಾಗ್ಲಿ ಗಾಳಿಯ ತೇವ ಹೀರಿ ಹಿಗ್ಗತ್ತೆ, ಒಣ ದಿನಗಳಲ್ಲಿ ಕುಗ್ಗತ್ತೆ. ಮರ ನಾರಿನ ಉದ್ದಕ್ಕೆ ಅಲುಗಾಡೋದು ಇಲ್ಲವೇ ಇಲ್ಲ ಅನ್ನೋವಷ್ಟು ಕಮ್ಮಿ, ನಾರಿಗೆ ಅಡ್ಡಲಾಗಿ ಮಾತ್ರ ಚೆನ್ನಾಗೇ ಅಲುಗಾಡತ್ತೆ. ತೊಗಟೆಯ ಒಳಮೈ ಒಂದು ಥರ ಕುಗ್ಗತ್ತೆ, ಹೊರಮೈ ಇನ್ನೊಂದು ಥರ, ಸುರುಳಿ ಆಗೋದು ಅದಕ್ಕೇ. ಕೆಳಗಿರೋ ಪ್ಲೈವುಡ್ಡಿನಲ್ಲಿ ಪದರಗಳನ್ನ ಒಂದರ ಮೇಲೊಂದು ಅಡ್ಡಡ್ಡ ಕೂರಿಸಿರ್ತಾರೆ, ಅದು ಹೆಚ್ಚು ಅಲುಗಾಡಲ್ಲ. ಒಂದು ಓಡಾಡತ್ತೆ, ಒಂದು ನಿಂತಲ್ಲೇ ನಿಲ್ಲತ್ತೆ, ಮಧ್ಯ ನಿಮ್ಮ ಗ್ಲೂ ಗನ್ನಿನ ಗಮ್ಮು ಸಿಕ್ಕಾಕೊಂಡಿದೆ. ಅದೂ ಒಳ್ಳೇ ಗಮ್ಮಲ್ಲ. ಕಾಯಿಸಿ ಹಾಕೋ ಆ ಪ್ಲಾಸ್ಟಿಕ್ ತಣ್ಣಗಿನ ಮೇಲ್ಮೈ ಮುಟ್ಟಿದ ಕೂಡ್ಲೇ ಗಟ್ಟಿ ಆಗಿಬಿಡತ್ತೆ, ಒಳಗೆ ಇಳಿಯೋಕೆ ಟೈಮೇ ಸಿಗಲ್ಲ, ಬಿಸಿಲು ಬಿದ್ರೆ ಮತ್ತೆ ಮೆತ್ತಗಾಗತ್ತೆ. ಕೆಲಸ ಮಾಡೋವಾಗ ವಸ್ತುನ ಒಂದು ಗಂಟೆ ತಾತ್ಕಾಲಿಕವಾಗಿ ಹಿಡಿದಿಟ್ಕೊಳ್ಳೋಕೆ ಗ್ಲೂ ಗನ್ ಅದ್ಭುತ, ಅದನ್ನೇ ನಂಬ್ಕೊಂಡು ಗೋಡೆಗೆ ತೂಗುಹಾಕೋ ಕೆಲಸಕ್ಕೆ ನಾನಂತೂ ಒಪ್ಪಲ್ಲ.

ತೊಗಟೆಗೆ ಹೀಗೆ ಮಾಡಿ. ಅಂಗೈಯಷ್ಟು ದೊಡ್ಡ ತುಂಡು ತಗೊಳ್ಳಿ, ಪೂರ್ತಿ ಒಣಗಿರ್ಬೇಕು. ಬೆರಳಲ್ಲಿ ಗೀಚಿ ನೋಡಿ, ಪದರ ಉದುರ್ತಿದ್ರೆ ಒಣ ಬ್ರಷ್ಷಲ್ಲಿ ಉದುರಿಸಿಬಿಡಿ, ಈಗ ಉದುರೋದು ಆಮೇಲೂ ಉದುರತ್ತೆ. ನಾರು ಯಾವ ಕಡೆ ಹೋಗಿದೆ ನೋಡ್ಕೊಂಡು, ನಡುಗೆರೆಯ ಮೇಲೆ, ಎರಡು ತುದಿಗೆ ಹತ್ತಿರ ಒಂದೊಂದು ಸಣ್ಣ ತೂತು ಕೊರೀರಿ. ಎರಡು ಮಿಲಿಮೀಟರ್ ಬಿಟ್ ಸಾಕು, ಕೆಳಗೆ ಬೇಡದ ಮರದ ತುಂಡಿಟ್ಟು ಕೊರೆದ್ರೆ ಹಿಂದೆ ಸೀಳಲ್ಲ. ತೂತುಗಳು ಎರಡೂ ನಾರಿನ ಉದ್ದದ ಗೆರೆ ಮೇಲಿದ್ರೆ ತೊಗಟೆ ಅಗಲಕ್ಕೆ ಎಷ್ಟು ಬೇಕಾದ್ರೂ ಹಿಗ್ಗಿ ಕುಗ್ಗಿ ಮಾಡ್ಕೊಳ್ಳತ್ತೆ, ಕಟ್ಟಿಗೆ ಏನೂ ಆಗಲ್ಲ. ಹಲಗೆಯಲ್ಲೂ ಅದೇ ಜಾಗದಲ್ಲಿ ತೂತು ಮಾಡಿ, ಆದ್ರೆ ಒಂಚೂರು ದೊಡ್ಡದಾಗಿ. ತೆಳು ತಾಮ್ರದ ತಂತಿನೋ, ಮೇಣ ಹಚ್ಚಿದ ಲಿನನ್ ದಾರನೋ ಒಂದರಿಂದ ಇಳಿಸಿ ಇನ್ನೊಂದರಿಂದ ತಗೊಂಡು ಹಲಗೆ ಹಿಂದೆ ತಿರುಚಿ. ಬಿಗಿ ಮಾಡೋಕೆ ಹೋಗ್ಬೇಡಿ, ತೊಗಟೆನ ಬೆರಳಲ್ಲಿ ದೂಡಿದ್ರೆ ಕೂದಲೆಳೆಯಷ್ಟು ಜರುಗ್ಬೇಕು. ಮುಂದುಗಡೆ ಕಾಣೋ ಆ ಎರಡು ಹೊಲಿಗೆನ ಮರೆಮಾಡ್ಬೇಡಿ. ಎಲ್ಲಿ ಹಾಕ್ಬೇಕು, ಯಾವ ಬಣ್ಣದ ದಾರ, ಉದ್ದ ಎಷ್ಟು ಅಂತ ಯೋಚಿಸಿ ಹಾಕಿ, ಯಾಕಂದ್ರೆ ಅದು ಈಗ ನಿಮ್ಮ ಚಿತ್ರದಲ್ಲೊಂದು ಗೆರೆ. ಪೆನ್ಸಿಲ್ಲಿಂದ ಎಳೆದ ಗೆರೆಗಿಂತ ನೋಡೋರ ಕಣ್ಣು ಅಲ್ಲೇ ಹೆಚ್ಚು ಹೊತ್ತು ನಿಲ್ಲತ್ತೆ.

ಬೀಜದ ಕಾಯಿ, ಕೊಂಬೆ, ಬೋಲ್ಟು, ಕಲ್ಲು ಎಲ್ಲಕ್ಕೂ ಇದೇ ಯೋಚನೆ. ಕಲ್ಲಿಗೆ ತೂತು ಕೊರೆಯೋಕಾಗದಿದ್ರೆ ತಂತಿಯ ಸಣ್ಣ ಬುಟ್ಟಿ ಮಾಡಿ ಕೂರಿಸಿ, ಇಲ್ಲಾ ಹಲಗೆಯಲ್ಲೇ ಅದರ ಆಕಾರಕ್ಕೆ ಗುಳಿ ಕೆತ್ತಿ ಅದರಲ್ಲಿ ಎಪಾಕ್ಸಿ (ಎರಡು ಭಾಗ ಬೆರೆಸಿ ಹಾಕೋ ಗಟ್ಟಿ ಗಮ್ಮು) ಹಾಕಿ ಕೂರಿಸಿ, ಭಾರನ ಗುಳಿಯ ಅಂಚು ಹೊರತ್ತೆ.

ಹಾಗಾದ್ರೆ ಗಮ್ಮು ಬೇಡ್ವಾ ಅಂದ್ರೆ, ಬೇಕು, ತೆಳು ಹಗುರ ವಸ್ತುಗಳಿಗೆ ಬೇಕೇ ಬೇಕು. ಕಾಗದ, ಬಟ್ಟೆ, ಒತ್ತಿ ಒಣಗಿಸಿದ ಎಲೆ ಇವಕ್ಕೆ ಅಕ್ರಿಲಿಕ್ ಮ್ಯಾಟ್ ಮೀಡಿಯಂ (ಬಣ್ಣ ಹಾಕದ, ಹೊಳಪಿಲ್ಲದ ಅಕ್ರಿಲಿಕ್ ಅಂಟು), ಇಲ್ಲಾ ಮೀಥೈಲ್ ಸೆಲ್ಯುಲೋಸ್ ಅಂಟು. ಎರಡನೇದು ನೀರಲ್ಲಿ ಮತ್ತೆ ಬಿಡತ್ತೆ, ಹಾಗಾಗಿ ಮುಂದೆ ತೆಗೆದು ರಿಪೇರಿ ಮಾಡ್ಬಹುದು. ಮರಕ್ಕೆ ಹಾಕೋ ಬಿಳಿ ಗಮ್ಮು, ಅಂದ್ರೆ ಪಿವಿಎ, ಒಣಗೋದು ಅದರಲ್ಲಿರೋ ನೀರು ಹೊರಗೆ ಹೋದಾಗ. ಆ ನೀರು ಹೋಗೋಕೆ ಎರಡರಲ್ಲಿ ಒಂದು ಮೇಲ್ಮೈಯಾದ್ರೂ ಹೀರೋಂಥದ್ದಾಗಿರ್ಬೇಕು. ಮರಕ್ಕೆ ಕಾಗದ ಆಗತ್ತೆ, ಗಾಜಿಗೆ ಲೋಹ ಆಗಲ್ಲ. ನುಣುಪಾದ ಲೋಹ, ಕಲ್ಲು, ಗಾಜಿಗೆ ಎಪಾಕ್ಸಿ, ಅದೂ ಎರಡೂ ಕಡೆ ಸ್ಯಾಂಡ್ ಪೇಪರ್ ಹಾಕಿ ಒರಟು ಮಾಡಿ, ಜಿಡ್ಡು ಒರೆಸಿದ ಮೇಲೆ. ಸೂಪರ್ ಗ್ಲೂ ಪೆಡಸಾಗತ್ತೆ, ಸುತ್ತ ಬಿಳೀ ಮಂಜು ಬಿಡತ್ತೆ, ಕಪ್ಪು ಬೀಜದ ಮೇಲೆ ಅದು ಎದ್ದು ಕಾಣತ್ತೆ. ರಬ್ಬರ್ ಸಲ್ಯೂಷನ್ ಕಾಲಕ್ರಮೇಣ ಹಳದಿಯಾಗಿ ಕಾಗದಕ್ಕೆ ಕಲೆ ಹಿಡಿಸತ್ತೆ, ಅದರ ಸಹವಾಸನೇ ಬೇಡ.

ಎಲೆ ಬಣ್ಣ ಹೋಗೋದು ನಿಮ್ಮ ತಪ್ಪಲ್ಲ, ಎಲೆಯ ಗುಣನೇ ಹಾಗೆ. ಹಸಿರು ಕೊಡೋ ಕ್ಲೋರೋಫಿಲ್ ಎಲೆ ಸತ್ತ ಮೇಲೆ ಒಡೆದುಹೋಗತ್ತೆ, ಬೆಳಕು ಬಿದ್ರೆ ಇನ್ನೂ ಬೇಗ. ಕೆಂಪು ನೇರಳೆ ಕೊಡೋ ಆಂಥೋಸಯನಿನ್‌ಗಳೂ ಬೆಳಕಿಗೆ ತಡ್ಕೊಳ್ಳಲ್ಲ. ಯುವಿ ತಡೆಯೋ ಗಾಜು ಹಾಕಿದ್ರೆ ನಿಧಾನ ಆಗತ್ತೆ, ನಿಲ್ಲಲ್ಲ, ಕಣ್ಣಿಗೆ ಕಾಣೋ ಬೆಳಕೂ ಬಣ್ಣ ತಿನ್ನತ್ತೆ. ಅದಕ್ಕೇ ನನ್ನ ಸಲಹೆ, ಎಲೆಯಿಂದ ಬಣ್ಣ ತಗೊಳ್ಳೋ ಆಸೆ ಬಿಟ್ಟು ಅದರ ಆಕಾರ, ನರಗಳ ಬಲೆ ಇವನ್ನ ತಗೊಳ್ಳಿ. ಕಂದು ಆಗತ್ತೆ ಅಂತ ಗೊತ್ತಿದ್ದೇ ಕಂದು ಬಣ್ಣಕ್ಕೆ ಹೊಂದೋ ಹಾಗೆ ಉಳಿದ ಚಿತ್ರ ಕಟ್ಟಿ. ಗಟ್ಟಿ ಎಲೆಗಳನ್ನ ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ, ಎಲೆ ಜಾತಿ ನೋಡ್ಕೊಂಡು ಒಂದು ಗಂಟೆನೋ ಎರಡು ಗಂಟೆನೋ ಆಗತ್ತೆ, ಆಮೇಲೆ ನೀರಲ್ಲಿ ತೇಲಿಸಿಟ್ಟು ಮೆತ್ತಗಿನ ಬ್ರಷ್ಷಲ್ಲಿ ತಿರುಳು ತೆಗೆದ್ರೆ ನರಗಳ ಜಾಲರಿ ಮಾತ್ರ ಉಳಿಯತ್ತೆ. ಪಾತ್ರೆ ಸ್ಟೀಲಿಂದು ಇರ್ಲಿ, ಅಲ್ಯೂಮಿನಿಯಂನ ಆ ಸೋಡಾ ತಿನ್ನತ್ತೆ, ಅಡುಗೆ ಪಾತ್ರೆಯಂತೂ ಬೇಡ, ಕೈಗೆ ಗ್ಲೌಸ್ ಹಾಕ್ಕೊಳ್ಳಿ. ಅವಸರ ಇಲ್ಲದಿದ್ರೆ ವಾರಗಟ್ಟಲೆ ನೀರಲ್ಲೇ ಕೊಳೆಯೋಕೆ ಬಿಟ್ರೂ ಅದೇ ಆಗತ್ತೆ, ವಾಸನೆ ತಡ್ಕೋಬೇಕು ಅಷ್ಟೇ. ಜಾಲರಿ ಎಲೆಗೆ ತಿರುಳಿಲ್ಲ, ಬೂಷ್ಟಿಗೆ ತಿನ್ನೋಕೆ ಸಿಗೋದು ಕಮ್ಮಿ.

ಎಲೆ ಬಾಗ್ಬೇಕು, ಮುರೀಬಾರ್ದು ಅಂದ್ರೆ ಒಂದು ಪಾಲು ಗ್ಲಿಸರಿನ್ನಿಗೆ ಎರಡು ಪಾಲು ನೀರು ಬೆರೆಸಿ ಅದರಲ್ಲಿ ಮುಳುಗಿಸಿಡ್ತಾರೆ, ಎಲೆ ವರ್ಷಗಟ್ಟಲೆ ಮೆತ್ತಗಿರತ್ತೆ. ಆದ್ರೆ ಅದಕ್ಕೆ ಬಣ್ಣ, ಗಮ್ಮು ಸರಿಯಾಗಿ ಹಿಡಿಯಲ್ಲ, ತೇವದ ದಿನಗಳಲ್ಲಿ ಬೆವರತ್ತೆ ಕೂಡ. ಹೊಲಿಯೋ ಕೆಲಸಕ್ಕಾದ್ರೆ ಸರಿ.

ಬಣ್ಣ ಬೇಕೇ ಬೇಕು ಅಂದ್ರೆ ಮಣ್ಣಿಗೆ ಹೋಗಿ. ಕೆಮ್ಮಣ್ಣು, ಹಳದಿ ಮಣ್ಣು ಇವುಗಳ ಬಣ್ಣ ಕಬ್ಬಿಣದ ಆಕ್ಸೈಡಿಂದ ಬರೋದು, ಬೆಳಕಿಗೆ ಮಾಸಲ್ಲ. ಅರಿಶಿನ ಎಷ್ಟು ಹೊಳೆದ್ರೂ ಬಿಸಿಲು ಬೀಳೋ ಗೋಡೆ ಮೇಲೆ ಬೇಗ ಮಾಯ ಆಗತ್ತೆ. ದಕ್ಷಿಣ ಆಫ್ರಿಕಾದ ಬ್ಲೊಂಬೊಸ್ ಗುಹೆಯಲ್ಲಿ ಸುಮಾರು 1,00,000 ವರ್ಷ ಹಿಂದಿನ ಎರಡು ಚಿಪ್ಪುಗಳು ಸಿಕ್ಕಿದಾವೆ, ಅವುಗಳಲ್ಲಿ ಕೆಮ್ಮಣ್ಣು, ಜಜ್ಜಿದ ಮೂಳೆ, ಇದ್ದಿಲು ಬೆರೆಸಿದ ಮಿಶ್ರಣದ ಗುರುತಿತ್ತು. ಸಿಕ್ಕಿದ್ದನ್ನೇ ಪಾತ್ರೆ ಮಾಡ್ಕೊಂಡು, ಸಿಕ್ಕಿದ್ದನ್ನೇ ಕುಟ್ಟಿ ಬಣ್ಣ ಮಾಡ್ಕೊಂಡಿದಾರೆ, ನೀವು ಮಾಡ್ತಿರೋ ಕೆಲಸ ಅಷ್ಟು ಹಳೇದು! ಮಾಡೋದು ಕಷ್ಟ ಇಲ್ಲ: ಮಣ್ಣನ್ನ ಒಣಗಿಸಿ, ಕುಟ್ಟಿ, ತುಂಬಾ ನೀರಲ್ಲಿ ಕಲಕಿ, ಒಂದು ನಿಮಿಷ ಬಿಡಿ. ಮರಳು ತಳಕ್ಕೆ ಕೂರತ್ತೆ, ಮೇಲಿನ ಬಣ್ಣದ ನೀರನ್ನ ಇನ್ನೊಂದು ಪಾತ್ರೆಗೆ ಬಗ್ಗಿಸ್ಕೊಳ್ಳಿ. ಇದನ್ನೇ ಇನ್ನೆರಡು ಸಲ ಮಾಡಿ, ಕೊನೇ ನೀರನ್ನ ಅಲುಗಾಡಿಸದೆ ಇಟ್ರೆ ಮಾರನೇ ದಿನ ತಳದಲ್ಲಿ ಬೆರಳಿಗೆ ಸಿಕ್ಕೀ ಸಿಕ್ಕದ ಹಾಗೆ ನಯವಾದ ಕೆಸರು ಇರತ್ತೆ. ಅದನ್ನ ಒಣಗಿಸಿ ಪುಡಿ ಮಾಡಿ ಅಕ್ರಿಲಿಕ್ ಮೀಡಿಯಂ ಇಲ್ಲಾ ಅರೇಬಿಕ್ ಗೋಂದಿಗೆ ಬೆರೆಸಿದ್ರೆ ಬಣ್ಣ ರೆಡಿ. ಪುಡಿ ಮಾಡೋವಾಗ ಮಾಸ್ಕ್ ಇರ್ಲಿ. ಹಳದಿ ಮಣ್ಣನ್ನ ಚೆನ್ನಾಗಿ ಸುಟ್ರೆ ಅದರೊಳಗಿನ ನೀರಿನಂಶ ಹೋಗಿ ಕೆಂಪಾಗತ್ತೆ, ಅಂದ್ರೆ ಒಂದೇ ಮಣ್ಣಿಂದ ಎರಡು ಬಣ್ಣ.

ರಾಶಿ ಥರ ಕಾಣೋದಕ್ಕೂ ಈ ಮಣ್ಣೇ ಅರ್ಧ ಮದ್ದು. ನಿಮ್ಮ ಹಲಗೆಗೆ ಹಚ್ಚಿರೋ ಟ್ಯೂಬಿನ ಅಕ್ರಿಲಿಕ್ ಬಣ್ಣಕ್ಕೂ ಮೇಲಿರೋ ತೊಗಟೆಗೂ ನೆಂಟಸ್ತಿಕೆನೇ ಇಲ್ಲ. ಅದೇ ತೊಗಟೆಯ ಉದುರಿದ ಪುಡಿನ, ಅದು ಸಿಕ್ಕಿದ ಜಾಗದ ಮಣ್ಣನ್ನ ಗೆಸ್ಸೊಗೆ, ಅಂದ್ರೆ ಬಣ್ಣಕ್ಕೆ ಮುಂಚೆ ಹಲಗೆಗೆ ಹಚ್ಚೋ ಬಿಳಿ ಲೇಪಕ್ಕೆ, ಬೆರೆಸಿ ತಳಪದರ ಹಾಕಿ ನೋಡಿ, ವಸ್ತು ಹಲಗೆಯಿಂದಲೇ ಎದ್ದು ಬಂದ ಹಾಗೆ ಕಾಣತ್ತೆ. ಇನ್ನರ್ಧ ಮದ್ದು ಕಮ್ಮಿ ಮಾಡೋದು. ಎಲೆ, ತೊಗಟೆ, ಕಾಯಿ, ಚಿಪ್ಪು, ಬೋಲ್ಟು, ಕಾಗದ ಅಂತ ನೀವೇ ಆರು ಹೇಳಿದೀರ. ಒಂದು ಕೆಲಸಕ್ಕೆ ಮೂರು ಸಾಕು, ಅದರಲ್ಲೂ ಒಂದು ಬಹಳ ಇರ್ಲಿ, ಇನ್ನೊಂದು ಸ್ವಲ್ಪ, ಮೂರನೇದು ಒಂದೇ ಒಂದು ಕಡೆ. ಲೂಯೀಸ್ ನೆವೆಲ್ಸನ್ ಅನ್ನೋ ಅಮೆರಿಕದ ಶಿಲ್ಪಿ ಮುರಿದ ಕುರ್ಚಿ ಕಾಲು, ಕಟಾಂಜನದ ತುಂಡು ಅಂತ ಬಿಸಾಕಿದ ಮರದ ಸಾಮಾನನ್ನ ಪೆಟ್ಟಿಗೆಗಳಲ್ಲಿ ಜೋಡಿಸಿ ಎಲ್ಲಕ್ಕೂ ಕಪ್ಪು ಬಣ್ಣ ಬಳಿದ್ರು. 1958ರ ಅವರ ಸ್ಕೈ ಕೆಥೆಡ್ರಲ್ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿದೆ. ಎಲ್ಲ ಕಪ್ಪಾದ ಮೇಲೆ ಇದು ಕುರ್ಚಿ ಕಾಲು ಅಂತ ಗುರುತಿಸೋ ಆಟ ಮುಗಿಯತ್ತೆ, ಆಕಾರ ಮತ್ತು ನೆರಳು ಮಾತ್ರ ಉಳಿಯತ್ತೆ. ನೀವೂ ಬಳೀಬೇಕು ಅಂತ ಹೇಳ್ತಿಲ್ಲ, ಒಂದು ಗುಣ ಎಲ್ಲದರಲ್ಲೂ ಹರಿದುಹೋಗ್ಲಿ ಅಂತ. ಬಣ್ಣನೋ, ದಪ್ಪನೋ, ದಿಕ್ಕೋ, ಯಾವುದಾದ್ರೂ ಒಂದು. ಅಂಟಿಸೋ ಮುಂಚೆ ಎಲ್ಲ ನೆಲದ ಮೇಲೆ ಹರಡಿ ಮೊಬೈಲಲ್ಲಿ ಬ್ಲಾಕ್ ಅಂಡ್ ವೈಟ್ ಫೋಟೋ ತೆಗೀರಿ, ಬಣ್ಣದ ಮೋಹ ಹೋಗಿ ಎಲ್ಲಿ ಕತ್ತಲೆ ಗುಂಪಾಗಿದೆ, ಎಲ್ಲಿ ಬೆಳಕಿಲ್ಲ ಅಂತ ತಕ್ಷಣ ಗೊತ್ತಾಗತ್ತೆ. ಪಕ್ಕದಿಂದ ಟಾರ್ಚ್ ಹಿಡಿದೂ ನೋಡಿ, ಉಬ್ಬಿರೋ ಕೆಲಸದಲ್ಲಿ ನೆರಳೂ ಒಂದು ವಸ್ತುನೇ.

ಬೂಷ್ಟು ಬಂದಿದ್ದು ಪೂರ್ತಿ ಒಣಗದೇ ಇರೋದ್ರ ಮೇಲೆ ವಾರ್ನಿಶ್ ಹೊಡೆದಿದ್ರಿಂದ ಇರ್ಬೇಕು. ವಾರ್ನಿಶ್ ಹೊರಗಿನ ತೇವನ ಎಷ್ಟು ತಡೆಯತ್ತೋ ಒಳಗಿಂದನ್ನೂ ಅಷ್ಟೇ ಹಿಡಿದಿಡತ್ತೆ. ಎಲೆಗಳನ್ನ ಹೀರೋ ಕಾಗದದ ನಡುವೆ ಭಾರ ಇಟ್ಟು ಒತ್ತಿ, ಮೊದಲ ಕೆಲವು ದಿನ ದಿನಾ ಕಾಗದ ಬದಲಾಯಿಸಿ, ಎರಡು ವಾರನಾದ್ರೂ ಬಿಡಿ. ಕಾಯಿ, ಕೊಂಬೆ ಇನ್ನೂ ಹೆಚ್ಚು ಕಾಲ ತಗೊಳ್ಳತ್ತೆ, ದಿನಾ ತೂಕ ಹಾಕಿ, ತೂಕ ಇಳಿಯೋದು ನಿಂತ್ರೆ ಒಣಗಿದೆ ಅಂತ. ಗಾಳಿಯ ಸಾಪೇಕ್ಷ ಆರ್ದ್ರತೆ 65 ಶೇಕಡಾ ದಾಟಿದ ಕಡೆ ಬೂಷ್ಟಿಗೆ ಹಬ್ಬ, ಹಾಗಾಗಿ ಹೊರಗೋಡೆಗೆ ಅಂಟಿಸಿದ ಹಾಗೆ ತೂಗುಹಾಕ್ಬೇಡಿ, ಹಿಂದೆ ನಾಲ್ಕು ಮೂಲೆಗೆ ಕಾರ್ಕ್ ತುಂಡಿಟ್ಟು ಗಾಳಿ ಓಡಾಡೋಕೆ ಬಿಡಿ. ಹುಳ ಬೇರೆ ವಿಷಯ. ಕಾಯಿ ಅಥವಾ ಮರದ ತುಂಡಿನ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ರೆ ಒಳಗೆ ಕುಟ್ಟೆ ಹುಳ ಇದೆ. ಮನೆಗೆ ತಂದ ಕೂಡ್ಲೇ, ಒಣಗಿದ ವಸ್ತುನ ಪ್ಲಾಸ್ಟಿಕ್ ಕವರಲ್ಲಿ ಗಾಳಿ ಹಿಂಡಿ ಸೀಲ್ ಮಾಡಿ ಮೈನಸ್ 18 ಡಿಗ್ರಿ ಫ್ರೀಜರಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ, ಇಲ್ಲಾಂದ್ರೆ ತಣ್ಣಗಿರೋ ವಸ್ತುವಿನ ಮೇಲೆ ನೀರು ಕೂರತ್ತೆ. ಮ್ಯೂಸಿಯಂಗಳಲ್ಲೂ ಹೀಗೆ ತಣ್ಣಗೆ ಮಾಡಿನೇ ಹುಳ ಕೊಲ್ಲೋದುಂಟು, ವಿಷ ಹೊಡೆಯೋದಕ್ಕಿಂತ ಎಷ್ಟೋ ಮೇಲು.

ಚಿಪ್ಪಿನ ಬಿಳಿ ಪುಡಿ ಬಗ್ಗೆ ಕೇಳಿದ್ದು ತುಂಬಾ ಒಳ್ಳೇ ಪ್ರಶ್ನೆ, ಬಹಳ ಜನ ಅದನ್ನ ಬೂಷ್ಟು ಅಂದ್ಕೊಂಡು ಒರೆಸಿ ಸುಮ್ಮನಾಗ್ತಾರೆ. ಚಿಪ್ಪು ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್. ಪ್ಲೈವುಡ್, ಎಮ್‌ಡಿಎಫ್ (ಮರದ ನಾರನ್ನ ಒತ್ತಿ ಮಾಡಿದ ಹಲಗೆ), ಓಕ್ ಮರ, ಅಗ್ಗದ ರಟ್ಟು ಇವುಗಳಿಂದ ಅಸಿಟಿಕ್ ಮತ್ತು ಫಾರ್ಮಿಕ್ ಆಮ್ಲದ ಆವಿ ಸಣ್ಣಗೆ ಬರ್ತಾನೇ ಇರತ್ತೆ, ಮುಚ್ಚಿದ ಜಾಗದಲ್ಲಿ ಅದು ಸೇರ್ಕೊಂಡು ಚಿಪ್ಪನ್ನ ತಿನ್ನತ್ತೆ, ಆಗ ಹುಟ್ಟೋ ಲವಣನೇ ಆ ಬಿಳಿ ಪುಡಿ. 1899ರಲ್ಲಿ ಬೈನ್ ಅನ್ನೋ ಬ್ರಿಟಿಷ್ ಚಿಪ್ಪು ಸಂಗ್ರಹಕಾರರು ಇದರ ಬಗ್ಗೆ ಬರೆದ್ರು, ಇವತ್ತಿಗೂ ಇದನ್ನ ಬೈನ್ಸ್ ಡಿಸೀಸ್ ಅಂತಾರೆ, ಆದ್ರೆ ಇದು ರೋಗನೇ ಅಲ್ಲ, ಪೂರ್ತಿ ರಸಾಯನ. ತಿಂದುಹೋದ ಹೊಳಪು ವಾಪಸ್ ಬರಲ್ಲ. ಉಳಿದಿದ್ದನ್ನ ಉಳಿಸೋಕೆ ಚಿಪ್ಪುಗಳನ್ನ ತೆಗೆದು ಸಿಹಿನೀರಲ್ಲಿ, ದಿನಾ ನೀರು ಬದಲಾಯಿಸ್ತಾ, ಕೆಲವು ದಿನ ನೆನೆಸಿ ಒಣಗಿಸಿ, ಸಮುದ್ರದ ಉಪ್ಪೂ ಹೋಗತ್ತೆ. ಮುಂದೆ ಚಿಪ್ಪು, ಮೊಟ್ಟೆ ಸಿಪ್ಪೆ ಬಳಸೋ ಕೆಲಸಕ್ಕೆ ಪ್ಲೈವುಡ್ ಬದಲು ಆಸಿಡ್ ಫ್ರೀ ಬೋರ್ಡ್ ಇಲ್ಲಾ ಅಲ್ಯೂಮಿನಿಯಂ ಹಾಳೆ ತಗೊಳ್ಳಿ. ಚಿಪ್ಪನ್ನ ಉಜ್ಜಿ ಕೊರೆಯೋದಿದ್ರೆ ನೀರು ಹಾಕ್ಕೊಂಡು, ಮಾಸ್ಕ್ ಹಾಕ್ಕೊಂಡು ಮಾಡಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ.

ತುಕ್ಕಿನ ವಿಷಯದಲ್ಲಿ ಜಾಸ್ತಿ ಹೇಳೋದಿಲ್ಲ. ತಂತಿ ಬ್ರಷ್ಷಲ್ಲಿ ಸಡಿಲ ತುಕ್ಕು ಉದುರಿಸಿ, ಪೂರ್ತಿ ಒಣಗಿಸಿ, ಮೇಣ ತೆಳುವಾಗಿ ಉಜ್ಜಿ. ಕಬ್ಬಿಣನ ಕಾಗದಕ್ಕೆ ತಾಗಿಸಿ ಇಡ್ಬೇಡಿ, ತುಕ್ಕಿನ ಕಬ್ಬಿಣ ಕಾಗದದ ನಾರನ್ನ ಪೆಡಸು ಮಾಡತ್ತೆ. ತುಕ್ಕಿನ ಬಣ್ಣನೇ ಬೇಕಿದ್ರೆ ವಿನಿಗರಲ್ಲಿ ಅದ್ದಿದ ಹತ್ತಿ ಬಟ್ಟೆನ ಬೋಲ್ಟಿಗೆ ಸುತ್ತಿ ಒಂದೆರಡು ದಿನ ಬಿಡಿ, ಅಚ್ಚು ಇಳಿಯತ್ತೆ, ಆಮೇಲೆ ಚೆನ್ನಾಗಿ ತೊಳೆದು ಒಣಗಿಸಿ. ಟ್ಯಾನಿನ್ ಇರೋ ಚಹಾದ ಡಿಕಾಕ್ಷನ್ ಮೇಲೆ ಹಾಕಿದ್ರೆ ಆ ಕಂದು ಕಪ್ಪಾಗಿ ತಿರುಗತ್ತೆ. ಬೋಲ್ಟಿಗಿಂತ ಅದರ ಅಚ್ಚೇ ಎಷ್ಟೋ ಸಲ ಚಿತ್ರಕ್ಕೆ ಹೆಚ್ಚು ಹೊಂದತ್ತೆ.

ಏನು ಎತ್ಕೊಂಡು ಬರ್ತೀರ ಅನ್ನೋದ್ರಲ್ಲೂ ಹುಷಾರು. ಬಿದ್ದಿದ್ದನ್ನ ತಗೊಳ್ಳಿ, ಕೀಳ್ಬೇಡಿ. ಕಲ್ಲುಹೂವು ಎಷ್ಟೋ ಜಾತಿಯಲ್ಲಿ ವರ್ಷಕ್ಕೆ ಒಂದು ಮಿಲಿಮೀಟರಿನ ಆಸುಪಾಸು ಬೆಳೆಯೋದು, ಕೆರೆದು ತರೋಕೆ ಮನಸ್ಸು ಬರಬಾರ್ದು. ಹಕ್ಕಿ ಗರಿಗೆ ಎಷ್ಟೋ ದೇಶಗಳಲ್ಲಿ ಕಾನೂನಿದೆ, ಅಮೆರಿಕದಲ್ಲಿ 1918ರ ವಲಸೆ ಹಕ್ಕಿ ಕಾಯಿದೆ ಪ್ರಕಾರ ತಾನಾಗೇ ಉದುರಿದ ಗರಿ ಇಟ್ಕೊಳ್ಳೋದೂ ಅನುಮತಿ ಇಲ್ದೆ ತಪ್ಪು. ಹವಳ ದೇಶ ದಾಟಿಸೋದಕ್ಕೆ ಸೈಟಿಸ್ ಅನ್ನೋ, ಅಪಾಯದಲ್ಲಿರೋ ಜೀವಿಗಳ ವ್ಯಾಪಾರ ತಡೆಯೋ ಅಂತರರಾಷ್ಟ್ರೀಯ ಒಪ್ಪಂದ ಅಡ್ಡ ಬರತ್ತೆ. ನೀವಿರೋ ಜಾಗದ ನಿಯಮ ತಿಳ್ಕೊಂಡೇ ಮುಟ್ಟಿ. ಹಳೇ ಬಣ್ಣ ಬಳಿದ ಮರದಲ್ಲಿ ಸೀಸ ಇರ್ಬಹುದು, ಅದನ್ನ ಸ್ಯಾಂಡ್ ಪೇಪರಲ್ಲಿ ಉಜ್ಜಲೇಬೇಡಿ.

ವಾರ್ನಿಶ್ಶಿಗೆ ಬಂದ್ರೆ, ಎಲ್ಲದರ ಮೇಲೂ ಒಂದೇ ಹೊಳಪು ಹೊಡೆದಾಗ ತೊಗಟೆ, ಕಾಗದ, ಕಬ್ಬಿಣ ಎಲ್ಲ ಒಂದೇ ಪ್ಲಾಸ್ಟಿಕ್ಕಿಂದ ಮಾಡಿದ ಹಾಗೆ ಕಾಣತ್ತೆ, ಅವುಗಳ ಒರಟು ನಯದ ವ್ಯತ್ಯಾಸಕ್ಕೇ ತಾನೇ ನೀವು ಅವನ್ನ ಎತ್ಕೊಂಡು ಬಂದಿದ್ದು. ಬಣ್ಣ ಇರೋ ಕಡೆ ಮ್ಯಾಟ್ ವಾರ್ನಿಶ್ ತೆಳುವಾಗಿ ಒಂದು ಕೋಟ್, ಕಬ್ಬಿಣಕ್ಕೆ ಮೇಣ, ತೊಗಟೆ ಎಲೆಗೆ ಏನೂ ಬೇಡ. ಧೂಳಿನ ಭಯ ಇದ್ರೆ ಆಳವಾದ ಬಾಕ್ಸ್ ಫ್ರೇಮ್ ಹಾಕಿಸಿ, ಗಾಜು ಯಾವ ವಸ್ತುವನ್ನೂ ಮುಟ್ಟಬಾರ್ದು.

ಈಗ ಮಾಡಿಟ್ಟಿರೋ ಹಲಗೆಗಳನ್ನ ಎಸೀಬೇಡಿ. ಬೂಷ್ಟು ಬಂದಿರೋದನ್ನ ಮಾಸ್ಕ್ ಹಾಕ್ಕೊಂಡು ಹೊರಗೆ ತಗೊಂಡು ಹೋಗಿ, ಒಣಗಿಸಿ, ಮೆತ್ತಗಿನ ಬ್ರಷ್ಷಲ್ಲಿ ತೆಗೀರಿ, ಕೊಳೆತ ಎಲೆ ಇದ್ರೆ ಕಿತ್ತುಬಿಡಿ. ಗ್ಲೂ ಗನ್ನಿನ ಗಮ್ಮು ಹೇರ್ ಡ್ರೈಯರಿನ ಬಿಸಿಗೆ ಮೆತ್ತಗಾಗಿ ಬಿಡತ್ತೆ, ತೊಗಟೆಗಳನ್ನ ಮುರಿಯದೇ ಎಬ್ಬಿಸ್ಬಹುದು. ಎಬ್ಬಿಸಿದ ಜಾಗದಲ್ಲಿ ವಾರ್ನಿಶ್ ಇಲ್ಲದ ಗುರುತು ಉಳಿಯತ್ತೆ, ಅದನ್ನ ಮುಚ್ಚೋ ಅವಸರ ಬೇಡ, ಆ ಗುರುತುಗಳ ಮೇಲೆ ಮಣ್ಣಿನ ಬಣ್ಣ ತೆಳುವಾಗಿ ಹಚ್ಚಿ ನೋಡಿ. ಆಮೇಲೆ ಮೂರೇ ಮೂರು ತೊಗಟೆ ಆರಿಸಿ, ತೂತು ಕೊರೆದು, ದಾರದಲ್ಲಿ ಕಟ್ಟಿ.